ಮಸಾರಿ ಹೊಲಕ್ಕೆ ಹೆಬ್ಬೇವೋ, ಮಾವೋ?

ಕೊಪ್ಪಳದ ಕಡೆ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ ಮೂರ್ನಾಲ್ಕು ಎಕರೆ ಇರುವವರು ಗಿಡ ಹಚ್ಚುವುದೇ ಮಳೆ ಕೈಕೊಟ್ಟ ವರ್ಷಕ್ಕೊಂದು ಆಸರೆ ಇರಲಿ ಅಂತ.

ಹೆಬ್ಬೇವು ಆರೆಂಟು ವರ್ಷಕ್ಕೆ ಪ್ಲೈವುಡ್‌ಗೆ ಹೋಗುತ್ತದೆ, ದುಡ್ಡು ಒಂದೇ ಗಂಟು. ಮಗಳ ಮದುವೆ ಲೆಕ್ಕ ಹಾಕುವವರಿಗೆ ಇದು ಹಿಡಿಸುತ್ತದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿದ ಸಸಿಗೆ ಮೂರು ವರ್ಷ ಸಹಾಯಧನವೂ ಉಂಟು. ಆದರೆ ಬದುವಿನ ಗಿಡದ ನೆರಳಿಗೆ ಪಕ್ಕದ ಸಾಲಿನ ಸಜ್ಜೆ ಸೊರಗುತ್ತದೆ. ಪಕ್ಕದ ಹೊಲದವರನ್ನು ಮೊದಲೇ ಕೇಳಿ. ನೆರಳಿನ ಜಗಳ ಬಹಳ ಕೆಟ್ಟದ್ದು.

ಕಸಿ ಮಾವು ನಾಲ್ಕೈದು ವರ್ಷಕ್ಕೆ ಫಲಕ್ಕೆ ಬಂದರೆ ಮುಂದೆ ದಶಕಗಟ್ಟಲೆ ಕೊಡುತ್ತದೆ. ಹತ್ತು ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 40 ಗಿಡ. ನಡುವೆ ಶೇಂಗಾ, ಅಲಸಂದಿ ಬಿತ್ತಬಹುದು, ಹೊಟ್ಟೆಪಾಡು ನಿಲ್ಲುವುದಿಲ್ಲ. ಕಷ್ಟ ಇರುವುದು ಮೊದಲ ಎರಡು ಬೇಸಿಗೆಯಲ್ಲಿ. ಬುಡದಲ್ಲಿ ಸಣ್ಣ ತೂತಿನ ಮಡಕೆ ಹೂತು, ಎರಡು ದಿನಕ್ಕೊಮ್ಮೆ ನೀರು ತುಂಬಿ, ಸುತ್ತ ಜಾಲಿ ಮುಳ್ಳು ಕಟ್ಟಬೇಕು. ಸುಗ್ಗಿ ಮುಗಿದ ಮೇಲೆ ಆಡುಗಳು ಒಂದು ಚಿಗುರೂ ಬಿಡುವುದಿಲ್ಲ.

ನೀರು ಹೊರುವ ಕೈಗಳಿದ್ದರೆ ನಾನಂತೂ ಮಾವು ಅನ್ನುತ್ತೇನೆ. ದುಡಿಯಲು ಬೆಂಗಳೂರಿಗೆ ಹೋಗುವ ಮನೆಯಾದರೆ ಬದುವಿಗೆ ಹೆಬ್ಬೇವು ಸಾಕು.