ಬಲ್ಕ್ ಮೇಲ್ ಸಾಫ್ಟ್‌ವೇರ್ ಕೊಳ್ಳುವವರೇ, ಆ ಹಸಿರು ಟಿಕ್ ನಂಬಬೇಡಿ

ಅಮೆರಿಕದಲ್ಲಿ ಸಂಘ, ದೇವಸ್ಥಾನ, ಕನ್ನಡ ಶಾಲೆ ನಡೆಸುತ್ತಾ ನೂರಾರು ಮನೆಗೆ ಅಂಚೆ ಕಳಿಸುವವರು ದಯವಿಟ್ಟು ಇದನ್ನು ಓದಿ. ನಾನು ಮೋಸ ಹೋಗಿದ್ದೇನೆ. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ನಮ್ಮ ಸಂಘದ ವಾರ್ಷಿಕ ಪತ್ರ 1,840 ಮನೆಗೆ ಹೋಗಬೇಕಿತ್ತು. ನಾನ್‌ಪ್ರಾಫಿಟ್ ದರದ ಮಾರ್ಕೆಟಿಂಗ್ ಮೇಲ್, ಅಂದರೆ ಲಾಭಕ್ಕಲ್ಲದ ಸಂಘಗಳು ಒಟ್ಟಿಗೆ ಕಳಿಸುವ ಅಂಚೆಗೆ ಸಿಗುವ ಕಡಿಮೆ ದರ. ಜಿಪ್ (ಅಲ್ಲಿನ ಪಿನ್‌ಕೋಡ್) ಪ್ರಕಾರ ವಿಂಗಡಿಸಿ ಟ್ರೇಗೆ ತುಂಬಿ ಕೊಡುವ ಕೆಲಸ ಗೊತ್ತಲ್ಲ, ಅದಕ್ಕೇ ಸಾಫ್ಟ್‌ವೇರ್ ಕೊಂಡೆವು. ಕೊಳ್ಳುವ ಮುಂಚೆ ಎರಡು ಸಲ ಕೇಳಿದ್ದೆ: ‘ಮನೆ ಬದಲಿಸಿದವರ ಹೊಸ ವಿಳಾಸ ಇದರಲ್ಲಿ ಸಿಗುತ್ತದಾ?’ ಮಾರಾಟದವರು ಎರಡು ಸಲವೂ ಹೇಳಿದ್ದು ಒಂದೇ: ‘ವಿಳಾಸ ತಿದ್ದುವುದೆಲ್ಲ ಇದರಲ್ಲೇ ಸೇರಿದೆ.’ ಅದನ್ನು ಹೌದು ಅಂತಲೇ ತಿಳಿಯುತ್ತೇವೆ, ಅಲ್ವಾ?

ನಮ್ಮ ಪಟ್ಟಿ ಹಾಕಿ ಓಡಿಸಿದಾಗ 1,796 ವಿಳಾಸಕ್ಕೆ ‘ಸರಿ’ ಅನ್ನುವ ಹಸಿರು ಟಿಕ್ ಬಂತು. ಉಳಿದ 44ನ್ನು ಕೂತು ಕೈಯಲ್ಲೇ ಸರಿ ಮಾಡಿದೆ. ವಿಳಾಸ ಪರೀಕ್ಷೆ ಆಗಿದೆ ಅಂತ ತೋರಿಸುವ 3553 ಫಾರಂ ಪ್ರಿಂಟ್ ಆಯ್ತು. ಅದನ್ನು ಕಮಿಟಿಗೆ ತೋರಿಸಿ ‘ಈ ಸಲ ಒಂದು ಪತ್ರವೂ ತಪ್ಪುವುದಿಲ್ಲ’ ಅಂದೆ. ಎಲ್ಲರ ಮುಂದೆ ಅಂದೆ.

ತಿಂಗಳಾದ ಮೇಲೆ ಸಂಘದ ಹಿರಿಯರೊಬ್ಬರ ಫೋನ್. ‘ಮಗಳ ಮನೆಗೆ ಬಂದು ಎಂಟು ತಿಂಗಳಾಯ್ತಪ್ಪ. ಪೋಸ್ಟ್ ಆಫೀಸಿಗೂ ಹೊಸ ವಿಳಾಸ ಕೊಟ್ಟಿದ್ದೀವಿ. ಈ ಸಲ ನಮ್ಮನ್ನ ಲಿಸ್ಟಿಂದ ತೆಗೆದ್ರಾ?’ ನನಗೆ ಮಾತೇ ಹೊರಡಲಿಲ್ಲ. ಅದೇ ವಾರ ಇನ್ನೂ ಒಂಬತ್ತು ಫೋನ್ ಬಂದವು.

ಕಂಪನಿಗೆ ಬರೆದೆ. ಮೊದಲ ಉತ್ತರ: ‘ಆ ವಿಳಾಸ ಸರಿಯಾಗಿಯೇ ಇದೆ.’ ಸರಿಯಾಗಿದೆಯಂತೆ! ಮನೆ ಅಲ್ಲೇ ಇದೆ, ನಿಜ. ಜನ ಇಲ್ಲವಲ್ಲ! ಆಗಲೇ ನನಗೆ ಅರ್ಥವಾಗಿದ್ದು. ಹಸಿರು ಟಿಕ್ ಬರುವುದು ಕ್ಯಾಸ್ (CASS) ಅನ್ನುವ ವಿಳಾಸ ಪರೀಕ್ಷೆಯಿಂದ. ಅದು ಬೀದಿಯ ಹೆಸರು ತಿದ್ದುತ್ತದೆ, ಜಿಪ್ ಕೊನೆಗೆ ಇನ್ನೂ ನಾಲ್ಕು ಅಂಕಿ ಸೇರಿಸುತ್ತದೆ, ಆ ನಂಬರಿನ ಮನೆಗೆ ಅಂಚೆ ಹೋಗುತ್ತದಾ ಅಂತ ನೋಡುತ್ತದೆ. ಒಳಗೆ ಯಾರಿದ್ದಾರೆ ಅಂತ ನೋಡುವುದೇ ಇಲ್ಲ. ಅದಕ್ಕೆ ಎನ್‌ಸಿಒಎ (NCOA), ಅಂದರೆ ಮನೆ ಬದಲಿಸಿದವರು ಅಂಚೆಗೆ ಕೊಟ್ಟ ಹೊಸ ವಿಳಾಸಗಳ ದಾಖಲೆ, ಅದರ ಜೊತೆ ಬೇರೆಯೇ ಓಡಿಸಬೇಕು.

ಎರಡನೇ ಉತ್ತರ: ‘ಎನ್‌ಸಿಒಎ ಬೇರೆ ಪ್ಯಾಕೇಜ್. ನೀವು ಕೊಂಡಿಲ್ಲ.’ ಎರಡು ಸಲ ಕೇಳಿದ್ದೆನಲ್ಲ ಅಂದರೆ, ‘ಫೋನ್ ಮಾತಿನ ದಾಖಲೆ ನಮ್ಮಲ್ಲಿಲ್ಲ.’ ದುಡ್ಡು ವಾಪಸ್ ಕೇಳಿದರೆ ‘ಮೂವತ್ತು ದಿನ ಕಳೆದಿದೆ.’ ಅದರ ಕೆಳಗೇ ಆ ಪ್ಯಾಕೇಜಿನ ದರಪಟ್ಟಿ! ನಿಮ್ಮದು ಹಿಂದಿನ 18 ತಿಂಗಳಲ್ಲಿ ಮನೆ ಬದಲಿಸಿದವರ ದಾಖಲೆಯಾ, 48 ತಿಂಗಳದ್ದಾ ಅಂತ ಕೇಳಿದೆ. ಇವತ್ತಿಗೂ ಉತ್ತರ ಇಲ್ಲ.

ಫಸ್ಟ್ ಕ್ಲಾಸ್ ಪತ್ರವಾದರೆ ಅಂಚೆಯವರು ಒಂದು ವರ್ಷ ಹೊಸ ಮನೆಗೆ ಕಳಿಸುತ್ತಾರೆ. ಮಾರ್ಕೆಟಿಂಗ್ ಮೇಲ್ ಹಾಗಲ್ಲ. ಲಕೋಟೆಯ ಮೇಲೆ ಸೂಚನೆ ಇಲ್ಲದಿದ್ದರೆ ಮುಂದಕ್ಕೂ ಹೋಗುವುದಿಲ್ಲ, ವಾಪಸೂ ಬರುವುದಿಲ್ಲ, ಕಸಕ್ಕೆ ಹೋಗುತ್ತದೆ. ಅದಕ್ಕೇ ಒಂದು ಪತ್ರವೂ ತಿರುಗಿ ಬರಲಿಲ್ಲ. ನಾನೋ, ಎಲ್ಲ ತಲುಪಿದೆ ಅಂದುಕೊಂಡು ಖುಷಿಯಾಗಿದ್ದೆ.

ಇನ್ನೂ ನೋವಿನ ಮಾತು. ಕಳಿಸುವ ದಿನಕ್ಕೆ ಮುಂಚಿನ 95 ದಿನದೊಳಗೆ ಪಟ್ಟಿಯನ್ನು ಹೊಸ ವಿಳಾಸಗಳ ಜೊತೆ ತಾಳೆ ನೋಡಿರಬೇಕು ಅನ್ನುವುದು ಅಂಚೆಯ ನಿಯಮ. ಅಂಚೆ ಕೊಡುವಾಗ ತುಂಬುವ ಅಂಚೆವೆಚ್ಚದ 3602 ಫಾರಂಗೆ ಸಹಿ ಹಾಕಿದರೆ ನಿಯಮ ಪಾಲಿಸಿದ್ದೇವೆ ಅಂತ ನಾವೇ ಬರೆದುಕೊಟ್ಟ ಹಾಗೆ. ನಾನು ಸಹಿ ಹಾಕಿದ್ದೇನೆ. ಸಹಿ ನನ್ನದು, ಆ ಕಂಪನಿಯದಲ್ಲ.

ಆಮೇಲೆ ನಮ್ಮ ಪಟ್ಟಿಯನ್ನು ಬೇರೆ ಕಡೆ 48 ತಿಂಗಳ ದಾಖಲೆಯಲ್ಲಿ ಓಡಿಸಿದೆ. 214 ಮನೆಯವರು ಜಾಗ ಬದಲಿಸಿದ್ದರು. 214!

ಎನ್‌ಸಿಒಎ ಸೇರಿದೆಯಾ, ಎಷ್ಟು ತಿಂಗಳದ್ದು, ಬರಹದಲ್ಲೇ ತೆಗೆದುಕೊಳ್ಳಿ. ಫೋನ್ ಮಾತು ಬೇಡವೇ ಬೇಡ. ಇತ್ತೀಚೆಗೆ ಮನೆ ಬದಲಿಸಿದ ನಾಲ್ಕು ಸ್ನೇಹಿತರ ಹಳೆಯ ವಿಳಾಸ ಹಾಕಿ, ಕೊಳ್ಳುವ ಮುಂಚೆಯೇ ಮಾರಾಟದವರ ಎದುರಿಗೆ ಓಡಿಸಿ ನೋಡಿ. ಲಕೋಟೆಯ ಮೇಲೆ ‘ರಿಟರ್ನ್ ಸರ್ವಿಸ್ ರಿಕ್ವೆಸ್ಟೆಡ್’ (ತಲುಪದಿದ್ದರೆ ವಾಪಸ್ ಕಳಿಸಿ) ಅಂತ ಅಚ್ಚು ಹಾಕಿಸಿ. ವಾಪಸ್ ಬಂದದ್ದಕ್ಕೆ ದುಡ್ಡು ಕೊಡಬೇಕು, ಕೊಡಿ.

ಆ 214 ಮನೆಗೂ ನಾನೇ ಫೋನ್ ಮಾಡುತ್ತಿದ್ದೇನೆ. ಇವತ್ತಿಗೆ 61 ಆಗಿದೆ.