ಲ್ಯಾಪ್‌ಟಾಪ್ ವೈಫೈ ಕಾರ್ಡ್ ತಂದು ರೂಟರ್‌ಗೆ ಹಾಕುವವರು ಮೊದಲು ಇದನ್ನು ಓದಿ

ಹಳೆಯ ಮಿನಿ ಪಿಸಿಗೆ ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆ ಅಂತ ಇರುವ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿ, ಒಳಗೊಂದು ವೈಫೈ ಕಾರ್ಡ್ ಕೂರಿಸಿ, ಅದನ್ನೇ ಮನೆ ರೂಟರ್ ಮಾಡಿಕೊಳ್ಳೋಣ ಅಂತ ಹೊರಟಿದ್ದೀರಾ? ಸ್ವಲ್ಪ ತಡೀರಿ. ನಾನು ಇದೇ ಕೆಲಸಕ್ಕೆ ಕೈ ಹಾಕಿ ಮೂರೂವರೆ ಸಾವಿರ ರೂಪಾಯಿ ಮತ್ತು ಎರಡು ಶನಿವಾರ-ಭಾನುವಾರ ಕಳೆದುಕೊಂಡೆ. ಮನೆಯವರ ಹತ್ತಿರ ಬೈಸಿಕೊಂಡಿದ್ದು ಬೇರೆ.

ಎಎಂಡಿ ಪ್ರೊಸೆಸರ್, ಎರಡು ಈಥರ್ನೆಟ್ ಪೋರ್ಟ್ ಇರುವ ಸೆಕೆಂಡ್ ಹ್ಯಾಂಡ್ ಡಬ್ಬಿ ನನ್ನದು. ಕೇಬಲ್ ಕಡೆಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. (ಫೈಬರ್ ಮೋಡೆಮ್ ಕೂಡ ಓಪನ್‌ಡಬ್ಲ್ಯುಆರ್‌ಟಿಯ ಹಾಗೆ 192.168.1.1 ವಿಳಾಸದಲ್ಲೇ ಕೂತಿದ್ದರೆ ಓಪನ್‌ಡಬ್ಲ್ಯುಆರ್‌ಟಿಯ ವಿಳಾಸ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಎರಡೂ ಜಗಳ ಆಡುತ್ತವೆ.) ಇನ್ನೇನು, ವೈಫೈ ಒಂದೇ ಬಾಕಿ ಅಂದುಕೊಂಡೆ.

ಮೊದಲ ಕಾರ್ಡ್ ತಂದಿದ್ದು ಬೆಂಗಳೂರಿನ ಎಸ್‌ಪಿ ರೋಡ್‌ನಿಂದ, 1,400 ರೂಪಾಯಿ. ಎಂ.2 ಸ್ಲಾಟ್‌ನಲ್ಲಿ ಲಕ್ಷಣವಾಗಿ ಕೂತಿತು, ಸ್ಕ್ರೂ ಕೂಡ ಬಿಗಿಯಾಯಿತು. ಒಳಗಿರುವ ಕಾರ್ಡ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟರೆ ಕಾರ್ಡ್‌ನ ಸುಳಿವೇ ಇಲ್ಲ! ಮೂರು ಸಲ ಬಿಚ್ಚಿ ಹಾಕಿದೆ, ಬಯಾಸ್ ಎಲ್ಲ ಜಾಲಾಡಿದೆ. ಆಮೇಲೆ ಗೊತ್ತಾಯಿತು, ಅದು ಇಂಟೆಲ್‌ನ ಸಿಎನ್‌ವಿಐ ಜಾತಿಯದು. ಅಂದರೆ ವೈಫೈ ಕೆಲಸದ ಮುಖ್ಯ ಭಾಗ ಪ್ರೊಸೆಸರ್ ಅಥವಾ ಚಿಪ್‌ಸೆಟ್ ಒಳಗೇ ಇರಬೇಕು, ಕಾರ್ಡ್‌ನಲ್ಲಿ ಬರೀ ರೇಡಿಯೋ ಇರುತ್ತದೆ. ಎಎಂಡಿ ಬೋರ್ಡ್‌ನಲ್ಲಿ ಅದು ತಲೆ ಇಲ್ಲದ ಮುಂಡ. ನೋಡಲು ಮಾತ್ರ, ವೈಫೈ ಪೂರ್ತಿ ತನ್ನೊಳಗೇ ಇರುವ ಮಾಮೂಲಿ ಪಿಸಿಐಇ ಕಾರ್ಡ್‌ನ ಅವಳಿ ತಮ್ಮನ ಹಾಗೇ ಇರುತ್ತದೆ. ಅಂಗಡಿಯವನಿಗೂ ವ್ಯತ್ಯಾಸ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಎರಡನೆಯದನ್ನು ಆನ್‌ಲೈನ್‌ನಲ್ಲಿ ತರಿಸಿದೆ, 2,100 ರೂಪಾಯಿ, ಈ ಸಲ ಪಿಸಿಐಇ ಅಂತ ಖಾತ್ರಿ ಮಾಡಿಕೊಂಡೇ. ಆಂಟೆನಾ ವೈರ್ ಹಾಕುವ ಕಷ್ಟ ಕೇಳಬೇಡಿ. ಕಾರ್ಡ್ ಮೇಲಿನ ಕನೆಕ್ಟರ್ ಸಾಸಿವೆ ಕಾಳಿನಷ್ಟು. ಫೋನ್ ಕ್ಯಾಮೆರಾ ಜೂಮ್ ಮಾಡಿಟ್ಟುಕೊಂಡು, ಉಸಿರು ಬಿಗಿಹಿಡಿದು, ಹೆಬ್ಬೆರಳಿನ ಉಗುರಿನಿಂದ ನೇರವಾಗಿ ಒತ್ತಬೇಕು. ಟಿಕ್ ಅಂದರೆ ಕೂತಿತು ಅಂತ. ಹಳೆಯ ಮಿನಿ ಪಿಸಿಐಇ ಕಾರ್ಡ್‌ನ ವೈರ್ ನನ್ನ ಹತ್ತಿರ ಇತ್ತು, ಅದರ ತುದಿ ಇದಕ್ಕಿಂತ ದೊಡ್ಡದು ಅಂತ ಗೊತ್ತಿಲ್ಲದೆ ಬಲವಂತವಾಗಿ ಒತ್ತಿದೆ. ಒಂದು ಕನೆಕ್ಟರ್ ಕಿತ್ತು ಕೈಗೆ ಬಂತು. ಅಲ್ಲಿಗೆ ವಾಪಸ್ ಕೊಡುವ ದಾರಿಯೂ ಮುಚ್ಚಿತು. ಸರಿಯಾದ ವೈರ್ ತರಿಸಿಕೊಂಡು ಉಳಿದ ಒಂದೇ ಕನೆಕ್ಟರ್‌ನಲ್ಲಿ ಮುಂದುವರಿದೆ.

ಈ ಕಾರ್ಡ್ ಎಲ್‌ಎಸ್‌ಪಿಸಿಐನಲ್ಲಿ ಕಾಣಿಸಿತು. ಪಿಸಿಗೆ ಅಂತ ಬರುವ ಓಪನ್‌ಡಬ್ಲ್ಯುಆರ್‌ಟಿಯ ಎಕ್ಸ್86 ಇಮೇಜ್‌ನಲ್ಲಿ ವೈಫೈ ಸಾಮಾನು ಏನೂ ಇರುವುದಿಲ್ಲ, ಡ್ರೈವರ್, ಫರ್ಮ್‌ವೇರ್ (ಕಾರ್ಡ್ ಒಳಗೆ ಓಡುವ ತಂತ್ರಾಂಶ), ಡಬ್ಲ್ಯುಪ್ಯಾಡ್ (ವೈಫೈ ಪಾಸ್‌ವರ್ಡ್, ಸಂಪರ್ಕ ನೋಡಿಕೊಳ್ಳುವುದು) ಮೂರನ್ನೂ ನಾವೇ ಹಾಕಬೇಕು. ಹಾಕಿದೆ. 2.4 ಗಿಗಾಹರ್ಟ್ಸ್ ಬಂತು. ಖುಷಿಯಾಗಿ 5 ಗಿಗಾಹರ್ಟ್ಸ್‌ಗೆ ಬದಲಿಸಿದರೆ ವೈಫೈ ಹೆಸರೇ ಕಾಣಿಸಲಿಲ್ಲ. ಕಾರ್ಡ್‌ಗೆ ಏನೇನು ಬರುತ್ತದೆ ಅಂತ ತೋರಿಸುವ ಐಡಬ್ಲ್ಯು ಲಿಸ್ಟ್ ಕಮಾಂಡ್ ಕೊಟ್ಟು ನೋಡಿದೆ. ಎಪಿ (ಆಕ್ಸೆಸ್ ಪಾಯಿಂಟ್, ಅಂದರೆ ತಾನೇ ವೈಫೈ ಕೊಡುವ) ಮೋಡ್ ಇದೆ ಅಂತ ಬರೆದಿದೆ, ಆದರೆ ಕೆಳಗೆ 5 ಗಿಗಾಹರ್ಟ್ಸ್‌ನ ಒಂದೊಂದು ಚಾನಲ್ ಎದುರಿಗೂ 'ನೋ ಐಆರ್'. ಅಂದರೆ ಆ ಚಾನಲ್‌ನಲ್ಲಿ ತಾನಾಗಿ ಮೊದಲು ಸಿಗ್ನಲ್ ಬಿಡುವಂತಿಲ್ಲ. ಬೇರೆಯವರ ವೈಫೈಗೆ ಸೇರಿಕೊಳ್ಳಬಹುದು, ತಾನೇ ವೈಫೈ ಕೊಡುವಂತಿಲ್ಲ. ಕರೆದವರ ಮನೆಗೆ ಊಟಕ್ಕೆ ಹೋಗಬಹುದು, ತಾನು ಯಾರನ್ನೂ ಕರೆಯುವಂತಿಲ್ಲ ಅನ್ನೋ ಹಾಗೆ.

ಕಂಟ್ರಿ ಕೋಡ್ ಐಎನ್ ಅಂತ ಕೊಟ್ಟೆ, ರೀಬೂಟ್ ಮಾಡಿದೆ, ಏನೂ ಬದಲಾಗಲಿಲ್ಲ. ನಮ್ಮ ದೇಶದಲ್ಲಿ 5150ರಿಂದ 5350, 5470ರಿಂದ 5875 ಮೆಗಾಹರ್ಟ್ಸ್‌ವರೆಗೆ 2018ರಲ್ಲೇ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದ್ದಾರೆ, ಹಾಗಾಗಿ ತಡೆ ಕಾನೂನಿನದಲ್ಲ. ಈ ಕಾರ್ಡ್‌ನ ಫರ್ಮ್‌ವೇರ್ ತಾನಿರುವ ದೇಶ ಯಾವುದು ಅಂತ ಸುತ್ತಲಿನ ಸಿಗ್ನಲ್ ಕೇಳಿ ತಾನೇ ತೀರ್ಮಾನ ಮಾಡುತ್ತದೆ, ನಾವು ಸೆಟ್ಟಿಂಗ್‌ನಲ್ಲಿ ಬರೆದಿದ್ದಕ್ಕೆ ಅಲ್ಲಿ ಬೆಲೆಯೇ ಇಲ್ಲ. ಲ್ಯಾಪ್‌ಟಾಪ್‌ಗೆ ಅಂತ ಮಾಡಿದ ಕಾರ್ಡ್, ಲ್ಯಾಪ್‌ಟಾಪ್‌ಗೆ ಅದು ಸರಿಯೇ.

ಇಷ್ಟರಲ್ಲಿ ನಾನು ಮಾಡಿದ ಇನ್ನೊಂದು ದಡ್ಡತನ, ಹಳೆಯ ರೂಟರ್ ಬಿಚ್ಚಿ ಅಟ್ಟದ ಮೇಲೆ ಇಟ್ಟಿದ್ದು. ಭಾನುವಾರ ರಾತ್ರಿವರೆಗೆ ಮನೆಯಲ್ಲಿ ಆಮೆ ವೇಗದ ನೆಟ್. ಟಿವಿಯಲ್ಲಿ ಅಮ್ಮನ ಸೀರಿಯಲ್ ಸುತ್ತುತ್ತಲೇ ಇತ್ತು. "ಚೆನ್ನಾಗಿದ್ದಿದ್ದನ್ನ ಯಾಕೋ ಬಿಚ್ಚಿದೆ?" ಅಂದರು. ಉತ್ತರ ಇರಲಿಲ್ಲ.

ಇನ್ನೂ ಕಾರ್ಡೇ ಬೇಕು ಅನ್ನುವವರು ಕೊಳ್ಳುವ ಮೊದಲು ಅದೇ ಮಾಡೆಲ್ ಬಳಸುತ್ತಿರುವವರ ಹತ್ತಿರ ಐಡಬ್ಲ್ಯು ಲಿಸ್ಟ್ ಪೂರ್ತಿ ಕೇಳಿ ಪಡೆಯಿರಿ, ಎಪಿ ಅನ್ನೋ ಪದ ನೋಡಿ ಸುಮ್ನಾಗಬೇಡಿ, ಚಾನಲ್ ಪಟ್ಟಿಯವರೆಗೆ ಹೋಗಿ. ಆಕ್ಸೆಸ್ ಪಾಯಿಂಟ್‌ಗೆ ಅಂತಲೇ ಮಾಡಿದ, ಎಂಟಿ76 ಡ್ರೈವರ್‌ನಲ್ಲಿ ಓಡುವ ಮೀಡಿಯಾಟೆಕ್ 7915ರಂಥ ಕಾರ್ಡ್ ಆದರೆ ವಾಸಿ. ಅದು ಜಾಸ್ತಿ ಕರೆಂಟ್ ಎಳೆಯುತ್ತದೆ, ನಿಮ್ಮ ಸ್ಲಾಟ್ ಅಷ್ಟು ಕೊಡುತ್ತಾ ಅಂತಲೂ ನೋಡಬೇಕು. ಇನ್ನೊಂದು ವಿಷಯ, ನಾನು ತಂದಂಥ ಕಾರ್ಡ್‌ನಲ್ಲಿ ತಡೆ ಇಲ್ಲದಿದ್ದರೂ 2.4 ಮತ್ತು 5 ಎರಡನ್ನೂ ಒಟ್ಟಿಗೆ ಕೊಡಲು ಆಗುತ್ತಿರಲಿಲ್ಲ.

ನಾನು ಕೊನೆಗೆ ಅಟ್ಟದಿಂದ ಹಳೆಯ ರೂಟರ್ ಇಳಿಸಿ, ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಅದರ ಲ್ಯಾನ್ ಪೋರ್ಟ್‌ನಿಂದ ಮಿನಿ ಪಿಸಿಗೆ ಒಂದು ಕೇಬಲ್ ಎಳೆದೆ. ಹತ್ತು ನಿಮಿಷದ ಕೆಲಸ. ಖರ್ಚು ಸೊನ್ನೆ. ಎರಡೂ ಕಾರ್ಡ್ ಡ್ರಾಯರ್‌ನಲ್ಲಿವೆ. ಎರಡನೆಯದು ಯಾರಿಗಾದರೂ ಲ್ಯಾಪ್‌ಟಾಪ್‌ಗೆ ಬೇಕಿದ್ದರೆ ಹೇಳಿ, ಕೊಡುತ್ತೇನೆ. ಒಂದು ಕಿವಿ ಹೋಗಿದೆ, ಅಷ್ಟೇ.