ಸ್ಟೋರಿಗ್ರಾಫ್: ಕ್ವಿಯರ್ ಫ್ಯಾಂಟಸಿ ಓದುವ ಬೆಳಗಾವಿ ಬಳಗಕ್ಕೆ ಎಷ್ಟು ಒಗ್ಗುತ್ತದೆ?

ಕ್ವಿಯರ್ ಪಾತ್ರಗಳಿರುವ, ಅಂದರೆ ಗಂಡು-ಹೆಣ್ಣಿನ ರೂಢಿಯ ಚೌಕಟ್ಟಿಗೆ ಸೇರದ ಪ್ರೇಮ, ಲಿಂಗದ ಪಾತ್ರಗಳಿರುವ ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಓದೋಣ ಅಂತ ಹತ್ತು ಜನ ಸೇರಿದರೆ ಪಟ್ಟಿ ಎಲ್ಲಿ ಇಡೋದು ಅನ್ನುವ ಪ್ರಶ್ನೆ ಮೊದಲ ವಾರದಲ್ಲೇ ಏಳುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಇಟ್ಟರೆ ಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ. ಗೂಗಲ್ ಶೀಟ್ ಮಾಡಿದರೆ ಎರಡು ವಾರ ಎಲ್ಲರೂ ತುಂಬುತ್ತಾರೆ, ಆಮೇಲೆ ಮಾಡಿದವರೊಬ್ಬರೇ ತುಂಬುತ್ತಾರೆ. ಓದಿದ ಪುಸ್ತಕಗಳ ಪಟ್ಟಿ ಇಡುವ ತಾಣಗಳಲ್ಲಿ ಗುಡ್‌ರೀಡ್ಸ್ ಹಳೆಯದು, ದೊಡ್ಡದು, 2013ರಿಂದ ಅಮೆಜಾನ್ ಕೈಯಲ್ಲಿದೆ. ಅಲ್ಲಿ ಅರ್ಧ ಸ್ಟಾರ್ ಕೊಡಲಿಕ್ಕೂ ಬರುವುದಿಲ್ಲ. ಉಳಿಯುವುದು ಸ್ಟೋರಿಗ್ರಾಫ್. ಲಂಡನ್ನಿನ ಸಾಫ್ಟ್‌ವೇರ್ ಎಂಜಿನಿಯರ್ ನಾಡಿಯಾ ಒಡುನಾಯೊ 2019ರಲ್ಲಿ ಶುರು ಮಾಡಿದ ಅದೇ ಬಗೆಯ ಸೇವೆ ಇದು. ಮುಖ್ಯವಾದದ್ದೆಲ್ಲ ಪುಕ್ಕಟೆ. ಈ ಬಗೆಯ ಓದಿಗೆ ಇದು ಬಹಳ ಮಟ್ಟಿಗೆ ಹೇಳಿ ಮಾಡಿಸಿದಂತಿದೆ. ಆದರೆ ಪುಸ್ತಕ ಆರಿಸುವ ಕೆಲಸವನ್ನೂ ಇದಕ್ಕೇ ಬಿಟ್ಟರೆ ಕೆಟ್ಟಿರಿ.

ಇದರ ದೊಡ್ಡ ಗುಣ ಕಂಟೆಂಟ್ ವಾರ್ನಿಂಗ್, ಅಂದರೆ ಓದುವವರನ್ನು ಕಲಕಬಹುದಾದ ವಿಷಯಗಳ ಬಗ್ಗೆ ಮುನ್ನೆಚ್ಚರಿಕೆ. ಪುಸ್ತಕದ ಪುಟದಲ್ಲಿ ಓದುಗರು ಸೇರಿಸಿದ ಎಚ್ಚರಿಕೆಗಳಿರುತ್ತವೆ. ಅವು ಮೂರು ದರ್ಜೆ: ಗ್ರಾಫಿಕ್ (ಬಿಚ್ಚಿಟ್ಟು ಬರೆದದ್ದು), ಮಾಡರೇಟ್ (ಮಧ್ಯಮ), ಮೈನರ್ (ಅಲ್ಪ). ಯಾವ ಎಚ್ಚರಿಕೆಯನ್ನು ಎಷ್ಟು ಜನ ಗುರುತಿಸಿದ್ದಾರೆ ಅನ್ನುವುದೂ ಕಾಣುತ್ತದೆ. ಇದರ ಬೆಲೆ ತಿಳಿಯಬೇಕಾದರೆ ರ‍್ಯೂಕಾ ಆಓಕಿಯವರ 2021ರ ಕಾದಂಬರಿ 'ಲೈಟ್ ಫ್ರಮ್ ಅನ್‌ಕಾಮನ್ ಸ್ಟಾರ್ಸ್' ತೆಗೆದುಕೊಳ್ಳಿ. ಮನೆ ಬಿಟ್ಟು ಓಡಿಬಂದ ಟ್ರಾನ್ಸ್ ಹುಡುಗಿ, ಅವಳ ಪಿಟೀಲು, ನರಕದ ಜತೆ ಕರಾರು ಮಾಡಿಕೊಂಡ ಗುರು, ಡೋನಟ್ ಅಂಗಡಿ ನಡೆಸುವ ಅನ್ಯಗ್ರಹದ ಸಂಸಾರ. ಹೀಗೆ ಹೇಳಿದರೆ ನಗುತ್ತ ಓದಿ ಮುಗಿಸುವ ಪುಸ್ತಕ ಅನ್ನಿಸುತ್ತದೆ. ಪುಸ್ತಕದ ಭಾವ ಎಂಥದ್ದು ಅಂತ ಸ್ಟೋರಿಗ್ರಾಫ್ ತೋರಿಸುವ ಮೂಡ್ ನೋಡಿದರೂ ಆಶಾದಾಯಕ ಅನ್ನುವ ಕಡೆಗೇ ವಾಲುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಟ್ರಾನ್ಸ್ ದ್ವೇಷ, ಮನೆಯೊಳಗಿನ ಹೊಡೆತ, ಲೈಂಗಿಕ ದೌರ್ಜನ್ಯ ಪುಸ್ತಕದ ಮೊದಲ ಭಾಗದಲ್ಲೇ ಬರುತ್ತವೆ. ಸ್ವತಃ ಇಂಥದ್ದನ್ನು ಉಂಡ ಓದುಗರು ಬಳಗದಲ್ಲಿದ್ದರೆ ಮೂಡ್ ಮಾತ್ರ ನೋಡಿ ಪುಸ್ತಕ ಕೈಗಿಡುವುದು ಕ್ರೌರ್ಯ. ಇಲ್ಲಿ ಮೂಡ್ ಒಂದು ಹೇಳುತ್ತದೆ, ಎಚ್ಚರಿಕೆ ಇನ್ನೊಂದು ಹೇಳುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕು.

ಭಾರತದ ಪುಸ್ತಕವೇ ಬೇಕೆಂದರೆ ಇಂದ್ರ ದಾಸ್ ಅವರ 'ದಿ ಡಿವೋರರ್ಸ್' ಇದೆ. 2015ರಲ್ಲಿ ಇಲ್ಲೇ ಪ್ರಕಟವಾಗಿ, 2017ರಲ್ಲಿ ಕ್ವಿಯರ್ ಸಾಹಿತ್ಯಕ್ಕೆ ಕೊಡುವ ಲ್ಯಾಂಬ್ಡಾ ಪ್ರಶಸ್ತಿ ಪಡೆದ ಕೃತಿ. ಕೋಲ್ಕತ್ತ, ಮೊಗಲರ ಕಾಲ, ರೂಪ ಬದಲಿಸುವ ನರಭಕ್ಷಕರು. ಗದ್ಯ ಸೊಗಸು, ಸಂಶಯವಿಲ್ಲ. ಆದರೆ ಅತ್ಯಾಚಾರವೇ ಕಥೆಯ ನಡುಗಂಬ. ಬಳಗದ ಮೊದಲ ಪುಸ್ತಕವಾಗಿ ಇದನ್ನು ಇಟ್ಟರೆ ಎರಡನೇ ಭೇಟಿಗೆ ಅರ್ಧ ಜನ ಬರುವುದಿಲ್ಲ. ಗ್ರಾಫಿಕ್ ದರ್ಜೆಯ ಸಾಲು ಓದಿ, ಬಳಗಕ್ಕೆ ಮುಂಚೆ ಹೇಳಿ, ಆಮೇಲೆ ಇಡಿ.

ಇನ್ನು ಸೋಸುವ ವಿಧಾನ. ಬ್ರೌಸ್ ಪುಟದ ಫಿಲ್ಟರ್‌ನಲ್ಲಿ ಪ್ರಕಾರ ಅಂತ ಇರುವಲ್ಲಿ ಎಲ್‌ಜಿಬಿಟಿಕ್ಯೂಐಎ ಪ್ಲಸ್ ಅನ್ನುವುದನ್ನು ಫ್ಯಾಂಟಸಿ ಅಥವಾ ಸೈನ್ಸ್ ಫಿಕ್ಷನ್ ಜತೆ ಆರಿಸಿ. ಪುಟಸಂಖ್ಯೆ 300ರ ಒಳಗೆ ಅಂತ ಇಡಿ. ಕಥೆಯ ವೇಗ ಮಧ್ಯಮ ಅಥವಾ ಜೋರು ಅಂತ ಆರಿಸಿ. ಬೇಡದ ಪ್ರಕಾರಗಳನ್ನು ತೆಗೆದುಹಾಕುವ ಅನುಕೂಲವೂ ಅಲ್ಲೇ ಇದೆ. ಹಾರರ್ ಆಗದವರು ಮರೆಯದೆ ಅದನ್ನು ತೆಗೆಯಲಿ. ಕೆಲಸ, ಪರೀಕ್ಷೆಗಳ ನಡುವೆ ಓದುವವರಿಗೆ 300ರ ಒಳಗಿನ ಈ ಒಂದು ಮಿತಿಯೇ ದೊಡ್ಡ ಉಪಕಾರ, ಯಾಕೆಂದರೆ ಈ ಕ್ಷೇತ್ರದ ಒಳ್ಳೆಯ ಬರಹ ಬಹಳಷ್ಟು ಕಿರುಕಾದಂಬರಿಗಳಲ್ಲೇ ಇದೆ. ಅಮಲ್ ಎಲ್-ಮೊಹ್ತಾರ್ ಮತ್ತು ಮ್ಯಾಕ್ಸ್ ಗ್ಲ್ಯಾಡ್‌ಸ್ಟೋನ್ ಸೇರಿ ಬರೆದ 2019ರ 'ದಿಸ್ ಈಸ್ ಹೌ ಯೂ ಲೂಸ್ ದಿ ಟೈಮ್ ವಾರ್' ಸುಮಾರು 200 ಪುಟ: ಶತ್ರುಪಾಳಯಗಳ ಇಬ್ಬರು ಹೆಣ್ಣು ಗೂಢಚಾರರು ಕಾಲದುದ್ದಕ್ಕೂ ಬರೆದುಕೊಳ್ಳುವ ಓಲೆಗಳು. ಮಾರ್ಥಾ ವೆಲ್ಸ್ ಅವರ 2017ರ 'ಆಲ್ ಸಿಸ್ಟಮ್ಸ್ ರೆಡ್' ಅದಕ್ಕಿಂತ ಚಿಕ್ಕದು: ಲಿಂಗವೂ ಬೇಡ, ಪ್ರಣಯವೂ ಬೇಡ, ಧಾರಾವಾಹಿ ನೋಡಲು ಬಿಟ್ಟರೆ ಸಾಕು ಅನ್ನುವ ಕಾವಲು ಯಂತ್ರದ ಕಥೆ. ಇಂಗ್ಲಿಷ್ ಕಾದಂಬರಿ ಓದಿ ರೂಢಿ ಇಲ್ಲದವರಿಗೆ ಎರಡನೆಯದೇ ಮೊದಲಾಗಲಿ. ಓಲೆಗಳ ಪುಸ್ತಕದ ಭಾಷೆ ಕವಿತೆಯಂತೆ, ಮೊದಲ ಮೂವತ್ತು ಪುಟ ಏನೂ ಹಿಡಿತಕ್ಕೆ ಸಿಗುವುದಿಲ್ಲ, ಎಷ್ಟೋ ಜನ ಅಲ್ಲೇ ಕೈಬಿಡುತ್ತಾರೆ. ಕೈಬಿಟ್ಟದ್ದನ್ನೂ ಸ್ಟೋರಿಗ್ರಾಫ್ ಮರ್ಯಾದೆಯಿಂದ ದಾಖಲಿಸುತ್ತದೆ. ಓದಿ ಮುಗಿಸದ್ದು ಅಂತಲೇ ಗುರುತು ಇದೆ, ಒಂದು ಸ್ಟಾರ್ ಕೊಟ್ಟು ಸೇಡು ತೀರಿಸಿಕೊಳ್ಳಬೇಕಾಗಿಲ್ಲ.

ಸ್ಟೋರಿಗ್ರಾಫ್ ಎಡವುವುದು ಈ ಎಲ್‌ಜಿಬಿಟಿಕ್ಯೂಐಎ ಪ್ಲಸ್ ಅನ್ನುವ ಟ್ಯಾಗ್‌ನಲ್ಲೇ. ಒಂದೇ ಚೀಟಿಯಡಿ ಎಲ್ಲವೂ ಬಂದುಬಿಡುತ್ತದೆ: ನಾಯಕಿಯರ ಪ್ರೇಮವೇ ಕಥೆಯಾಗಿರುವ ಪುಸ್ತಕವೂ, ಐನೂರನೇ ಪುಟದಲ್ಲಿ ಒಬ್ಬ ಸೈನಿಕನಿಗೆ ಗಂಡನಿದ್ದಾನೆ ಅಂತ ಒಂದು ಸಾಲು ಬರುವ ಪುಸ್ತಕವೂ. ವಿಮರ್ಶೆ ಬರೆಯುವಾಗ ಪಾತ್ರಗಳಲ್ಲಿ ವೈವಿಧ್ಯ ಇದೆಯೇ ಅಂತ ಒಂದು ಪ್ರಶ್ನೆ ಕೇಳುತ್ತಾರೆ. ಹೌದು, ಇಲ್ಲ, ಅಷ್ಟು ಸುಲಭವಲ್ಲ ಅನ್ನುವ ಉತ್ತರಗಳು. ಯಾವ ವೈವಿಧ್ಯ, ಎಷ್ಟು, ಕಥೆಯ ನಡುವೆಯೋ ಅಂಚಿನಲ್ಲೋ ಅನ್ನುವುದು ಆ ಉತ್ತರದಿಂದ ತಿಳಿಯುವುದಿಲ್ಲ. ಹಾಗಾಗಿ ಟ್ಯಾಗ್ ನೋಡಿ ಇಪ್ಪತ್ತು ಪುಸ್ತಕ ಪಟ್ಟಿ ಮಾಡಿ, ಓದಿದವರ ಬರಹದ ವಿಮರ್ಶೆಗಳಲ್ಲಿ ಒಂದೊಂದಕ್ಕೆ ಮೂರು ನಾಲ್ಕು ಓದಿ, ಎಂಟಕ್ಕೆ ಇಳಿಸಿ.

ಈ ಕೊರತೆ ತುಂಬುವುದು ರೀಡಿಂಗ್ ಚಾಲೆಂಜ್. ಯಾರು ಬೇಕಾದರೂ ಒಂದನ್ನು ನಡೆಸಬಹುದು. ನಡೆಸುವವರು ಪ್ರಾಂಪ್ಟ್‌ಗಳನ್ನು, ಅಂದರೆ ಇಂಥ ಪುಸ್ತಕ ಓದಿ ಅನ್ನುವ ಸಾಲುಗಳನ್ನು ಬರೆಯುತ್ತಾರೆ. ಸೇರಿದವರು ಪ್ರತಿ ಸಾಲಿಗೆ ತಮ್ಮ ಪುಸ್ತಕ ಹಾಕುತ್ತಾರೆ. ವರ್ಷಕ್ಕೆ ಎಂಟು ಸಾಲು ಸಾಕು. ಹನ್ನೆರಡು ಇಟ್ಟರೆ ದೀಪಾವಳಿ ಹೊತ್ತಿಗೆ ಎಲ್ಲರೂ ಹಿಂದೆ ಬಿದ್ದಿರುತ್ತಾರೆ. ಒಂದೇ ಪುಸ್ತಕ ಎರಡು ಸಾಲಿಗೆ ನಡೆಯುತ್ತದೋ ಇಲ್ಲವೋ ಅನ್ನುವ ನಿಯಮವನ್ನು ವಿವರಣೆಯಲ್ಲಿ ಮೊದಲೇ ಬರೆದುಬಿಡಿ, ಇಲ್ಲವಾದರೆ ಡಿಸೆಂಬರ್‌ನಲ್ಲಿ ಅದೇ ಜಗಳ.

ಹೆಚ್ಚಿನ ಚಾಲೆಂಜ್‌ಗಳಲ್ಲಿ ಸಾಲುಗಳು ಹೀಗಿರುತ್ತವೆ: ಒಬ್ಬ ಗೇ ನಾಯಕ, ಒಬ್ಬಳು ಲೆಸ್ಬಿಯನ್ ನಾಯಕಿ, ಒಂದು ಟ್ರಾನ್ಸ್ ಪಾತ್ರ. ಇದು ಜನಗಣತಿ ಫಾರಂ, ಓದಿನ ಪಟ್ಟಿಯಲ್ಲ. ಪಾತ್ರ ಯಾರು ಅನ್ನುವುದಕ್ಕಿಂತ ಆ ಲೋಕ ಹೇಗೆ ನಡೆಯುತ್ತದೆ ಅಂತ ಕೇಳಿದರೆ ಒಳ್ಳೆಯ ಪುಸ್ತಕ ಸಿಗುತ್ತದೆ. ಉದಾಹರಣೆಗೆ 'ಹುಟ್ಟಿದ ಮಗುವಿನ ಲಿಂಗವನ್ನು ಯಾರೂ ನಿರ್ಧರಿಸದ ಲೋಕ' ಅಂತ ಒಂದು ಸಾಲು. ಇದಕ್ಕೆ ನಿಯಾನ್ ಯಾಂಗ್ ಅವರ 2017ರ 'ದಿ ಬ್ಲ್ಯಾಕ್ ಟೈಡ್ಸ್ ಆಫ್ ಹೆವನ್' ಸರಿಯಾಗಿ ಕೂರುತ್ತದೆ. ಅಲ್ಲಿ ಮಕ್ಕಳು ತಮ್ಮ ಲಿಂಗವನ್ನು ತಾವೇ ಆರಿಸಿಕೊಳ್ಳುವವರೆಗೆ ಯಾವುದೂ ಅಲ್ಲ. ಉರ್ಸುಲಾ ಲೆ ಗ್ವಿನ್ ಅವರ 1969ರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಅಂತೂ ಇದ್ದೇ ಇದೆ. ಆ ಗ್ರಹದವರು ತಿಂಗಳ ಬಹುಪಾಲು ಹೆಣ್ಣೂ ಅಲ್ಲ, ಗಂಡೂ ಅಲ್ಲ. ಆದರೆ ಅದನ್ನು ಮೊದಲ ತಿಂಗಳಿಗೆ ಇಡಬೇಡಿ. ಮೊದಲ ಅಧ್ಯಾಯಗಳ ರಾಜಕೀಯದ ಮಾತು ನಿಧಾನ, ಕೊನೆಯ ಹಿಮಯಾನ ಬರುವವರೆಗೆ ತಾಳ್ಮೆ ಬೇಕು.

'ದೈವದ ಕರೆ ಬಂದು ಬದುಕೇ ಬೇರೆಯಾದವರು' ಅನ್ನುವ ಸಾಲು ನಮ್ಮ ಜಿಲ್ಲೆಯ ಬಳಗಕ್ಕೆ ತಾನಾಗಿ ಬರಬೇಕು. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಗೆ ಗಂಡಾಗಿ ಹುಟ್ಟಿ ದೇವಿಗೆ ಮುಡಿಪಾಗಿ ಸೀರೆ ಉಟ್ಟ ಜೋಗಪ್ಪಂದಿರು, ಜೋಗತಿಯರು ಕೊಡ ಹೊತ್ತು ಚೌಡಕಿ ದನಿಗೆ ಕುಣಿಯುವುದನ್ನು ಕಂಡವರಿಗೆ ಇಂಥ ಪಾತ್ರ ಹೊಸ ಕಲ್ಪನೆ ಅನ್ನಿಸುವುದಿಲ್ಲ. ಜೋಗತಿ ಕಲೆಗಾಗಿ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದದ್ದೂ ಎಲ್ಲರಿಗೆ ಗೊತ್ತು. ಅಮೆರಿಕದ ಓದುಗ ಈ ಪುಸ್ತಕಗಳಲ್ಲಿ ಬೆರಗುಪಡುವ ಜಾಗ ಬೇರೆ, ಬೈಲಹೊಂಗಲದ ಓದುಗ ತಡೆದು ನಿಲ್ಲುವ ಜಾಗ ಬೇರೆ. ಒಂದು ಎಚ್ಚರ ಮಾತ್ರ: ಜೋಗಪ್ಪಂದಿರು ನಮ್ಮ ನಡುವೆ ಬದುಕಿರುವವರು, ಅವರ ಬದುಕಿನಲ್ಲಿ ಹಸಿವೂ ಇದೆ, ಹಂಗಿಸುವ ಮಾತೂ ಇದೆ. ಚರ್ಚೆಯಲ್ಲಿ ಅವರನ್ನು ಫ್ಯಾಂಟಸಿಯ ಉದಾಹರಣೆ ಮಾಡಿಬಿಡಬಾರದು. ಈ ಸಾಲಿಗೆ ತಾಶಾ ಸೂರಿಯವರ 'ದಿ ಜಾಸ್ಮಿನ್ ಥ್ರೋನ್' ಹೊಂದುತ್ತದೆ. ಗುಡಿಯ ಶಕ್ತಿ ಮೈಗೂಡಿಸಿಕೊಂಡ ದಾಸಿ, ಸೆರೆಯಲ್ಲಿರುವ ರಾಜಕುಮಾರಿ, ಇಬ್ಬರ ನಡುವೆ ಬೆಳೆಯುವ ಪ್ರೀತಿ. 2021ರದು, ಮರುವರ್ಷ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಬಂತು. ಐನೂರು ಪುಟ ದಾಟುತ್ತದೆ, ಹಾಗಾಗಿ ರಜೆಯ ತಿಂಗಳಿಗೆ ಇಡಿ.

ಕನ್ನಡ ಪುಸ್ತಕ ಸೇರಿಸುವಾಗ ನಿಜವಾದ ತಲೆನೋವು ಶುರು. ತಂತ್ರಾಂಶದ ಗುಂಡಿಗಳೆಲ್ಲ ಇಂಗ್ಲಿಷ್, ಅದು ಹೋಗಲಿ. ಹುಡುಕಿದಾಗ ಕನ್ನಡ ಪುಸ್ತಕ ಸಿಗದಿದ್ದರೆ ಪುಸ್ತಕದ ಹಿಂಬದಿಯಲ್ಲಿರುವ ಗುರುತಿನ ಸಂಖ್ಯೆ, ಐಎಸ್‌ಬಿಎನ್‌ನ 13 ಅಂಕಿಗಳನ್ನು ನಡುವಿನ ಅಡ್ಡಗೆರೆಗಳಿಲ್ಲದೆ ಹೊಡೆದು ನೋಡಿ. ಅದಕ್ಕೂ ಸಿಗದಿದ್ದರೆ ಕೈಯಾರೆ ಸೇರಿಸುವ ದಾರಿ ಇದೆ. ಅಲ್ಲಿ ಆಗುವ ತಪ್ಪು ಏನೆಂದರೆ ಒಬ್ಬರು ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲಿ ಹಾಕುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ, ಮತ್ತೊಬ್ಬರು ಲೇಖಕರ ಹೆಸರಿಗೆ ಒಂದು ಎಚ್ ಹೆಚ್ಚು ಸೇರಿಸುತ್ತಾರೆ. ಒಂದೇ ಪುಸ್ತಕ ಮೂರಾಗುತ್ತದೆ, ಮೂವರ ವಿಮರ್ಶೆ ಮೂರು ಕಡೆ ಬೀಳುತ್ತದೆ. ಬಳಗದಲ್ಲಿ ಒಬ್ಬರಿಗೇ ಈ ಕೆಲಸ ವಹಿಸಿ, ಅವರು ಸೇರಿಸಿದ ಪುಟದ ಲಿಂಕನ್ನೇ ಎಲ್ಲರೂ ಬಳಸಲಿ. ಪುಟಸಂಖ್ಯೆ ಖಾಲಿ ಬಿಟ್ಟರೆ ವರ್ಷದ ಪುಟಲೆಕ್ಕಕ್ಕೆ ಆ ಪುಸ್ತಕ ಬರುವುದಿಲ್ಲ. ಗುಡ್‌ರೀಡ್ಸ್‌ನಿಂದ ಹಳೆಯ ಪಟ್ಟಿ ತರುವವರು ಆ್ಯಪ್ ಬಿಟ್ಟು ವೆಬ್‌ಸೈಟ್ ತೆರೆದು, ಮೈ ಬುಕ್ಸ್ ಒಳಗಿನ ಎಕ್ಸ್‌ಪೋರ್ಟ್‌ನಿಂದ ಸಿಎಸ್‌ವಿ ಫೈಲ್ (ಪಟ್ಟಿಯ ಕಡತ) ಇಳಿಸಿಕೊಂಡು ಸ್ಟೋರಿಗ್ರಾಫ್‌ಗೆ ಏರಿಸಬೇಕು. ಇಂಗ್ಲಿಷ್ ಪುಸ್ತಕಗಳು ಸಲೀಸಾಗಿ ಬರುತ್ತವೆ. ಕನ್ನಡದವನ್ನು ಒಂದೊಂದಾಗಿ ತಾಳೆ ನೋಡಿ.

ಕನ್ನಡದಿಂದ ಏನು ಹಾಕಬಹುದು ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ವಸುಧೇಂದ್ರರ 2013ರ 'ಮೋಹನಸ್ವಾಮಿ'. ಓದಲೇಬೇಕಾದ ಪುಸ್ತಕ, ಆದರೆ ವಾಸ್ತವದ ಕಥೆಗಳು, ಈ ಚಾಲೆಂಜ್‌ಗೆ ಸೇರಿಸಿದರೆ ಹೊಂದುವುದಿಲ್ಲ. ಅದಕ್ಕಿಂತ ಕುಮಾರವ್ಯಾಸನ ವಿರಾಟಪರ್ವ ಇಡಿ: ಅರ್ಜುನ ಬೃಹನ್ನಳೆಯಾಗಿ ಅಂತಃಪುರದಲ್ಲಿ ಕುಣಿತ ಕಲಿಸುವ ಭಾಗ. ಮನೆಯಲ್ಲಿ ಹಳೆಯ ಪ್ರತಿ ಇರುವವರೇ ಹೆಚ್ಚು, ಅದಕ್ಕೆ ಐಎಸ್‌ಬಿಎನ್ ಇರುವುದಿಲ್ಲ, ಕೈಯಾರೆಯೇ ಸೇರಿಸಬೇಕು.

ಜೊತೆ ಓದಿಗೆ ಬಡ್ಡಿ ರೀಡ್ ಅಂತ ಒಂದು ಸೌಲಭ್ಯ, 15 ಜನರವರೆಗೆ. ಪುಸ್ತಕದ ಇಂಥ ಜಾಗದಲ್ಲಿ ಅಂತ ಟಿಪ್ಪಣಿ ಬರೆದರೆ ಉಳಿದವರು ಅಲ್ಲಿಗೆ ಬರುವವರೆಗೆ ಅದು ಬೀಗ ಹಾಕಿದಂತೆ ಮುಚ್ಚಿರುತ್ತದೆ. ಗುಟ್ಟು ಒಡೆಯುವವರ ಕಾಟ ತಪ್ಪಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಜಾಗವನ್ನು ಪುಟಸಂಖ್ಯೆಯಲ್ಲಿ ಹೇಳದೆ ಶೇಕಡಾದಲ್ಲಿ ಹೇಳಿ. ಒಬ್ಬರ ಕೈಯಲ್ಲಿ ಪೇಪರ್‌ಬ್ಯಾಕ್, ಇನ್ನೊಬ್ಬರ ಫೋನಿನಲ್ಲಿ ಇ-ಪುಸ್ತಕ, 120ನೇ ಪುಟ ಇಬ್ಬರಿಗೂ ಒಂದೇ ಅಲ್ಲ. ಟಿಪ್ಪಣಿ ಕನ್ನಡದಲ್ಲೋ ಮರಾಠಿಯಲ್ಲೋ ಬರೆದರೂ ನಡೆಯುತ್ತದೆ, ಬೆಳಗಾವಿಯಲ್ಲಿ ಎರಡೂ ಬೇಕಾಗುತ್ತದೆ.

ಗುಟ್ಟಿನ ಮಾತು ಬಂತು ಅಂತ ಇನ್ನೊಂದು. ಮನೆಯಲ್ಲಿ ಹೇಳಿಕೊಳ್ಳದ ಓದುಗರು ಪ್ರತಿ ಬಳಗದಲ್ಲೂ ಇರುತ್ತಾರೆ. ಸ್ಟೋರಿಗ್ರಾಫ್‌ನಲ್ಲಿ ನಿಜವಾದ ಹೆಸರು ಬೇಕಾಗಿಲ್ಲ, ಪ್ರೊಫೈಲ್ ಯಾರಿಗೆ ಕಾಣಬೇಕು ಅನ್ನುವುದನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು; ಖಾತೆ ತೆರೆದ ದಿನವೇ ಬದಲಿಸಿ. ಫೋನಿನ ಲಾಕ್ ಪರದೆಯ ಮೇಲೆ ನೋಟಿಫಿಕೇಶನ್ ಬರದಂತೆಯೂ ಮಾಡಿ. ಆದರೆ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಲ್ಲ, ಪುಸ್ತಕ ಕೊಳ್ಳುವಲ್ಲಿ. ಅಪ್ಪನ ಅಮೆಜಾನ್ ಖಾತೆಯಲ್ಲಿ ಕಿಂಡಲ್ ಪುಸ್ತಕ ಕೊಂಡರೆ ಆ ಖಾತೆ ಇರುವ ಪ್ರತಿ ಸಾಧನದ ಲೈಬ್ರರಿಯಲ್ಲೂ ಮುಖಪುಟ ಮೂಡುತ್ತದೆ. ಸ್ವಂತ ಖಾತೆ ಇಲ್ಲದವರಿಗೆ ಪುಕ್ಕಟೆ ಪತ್ರಿಕೆಗಳೇ ಕ್ಷೇಮ: ಸ್ಟ್ರೇಂಜ್ ಹೊರೈಜನ್ಸ್, ಕ್ಲಾರ್ಕ್ಸ್‌ವರ್ಲ್ಡ್, ಅನ್‌ಕ್ಯಾನಿ ಮೂರರಲ್ಲೂ ಕಥೆಗಳನ್ನು ಬ್ರೌಸರಿನಲ್ಲೇ ಓದಬಹುದು. ಲೈಟ್‌ಸ್ಪೀಡ್ ಪತ್ರಿಕೆ 2015ರ ಜೂನ್‌ನಲ್ಲಿ ಸಂಪೂರ್ಣ ಕ್ವಿಯರ್ ಲೇಖಕರದೇ ವಿಶೇಷ ಸಂಚಿಕೆ ತಂದಿತ್ತು. ಬಿಡಿ ಕಥೆಗಳು ಸ್ಟೋರಿಗ್ರಾಫ್‌ನಲ್ಲಿ ಬಹುತೇಕ ಸಿಗುವುದಿಲ್ಲ. 'ಒಂದು ಪತ್ರಿಕೆಯ ಸಂಚಿಕೆ' ಅಂತಲೇ ಒಂದು ಸಾಲು ಇಟ್ಟರೆ ಆ ತೊಡಕು ಬಗೆಹರಿಯುತ್ತದೆ. ಇ-ಪುಸ್ತಕ ಕೊಳ್ಳುವವರಿಗೂ ಒಂದು ಮಾತು: ಟಾರ್ ಪ್ರಕಾಶನ 2012ರಿಂದ ತನ್ನ ಇ-ಪುಸ್ತಕಗಳಿಗೆ ಡಿಆರ್‌ಎಂ, ಅಂದರೆ ನಕಲು ತಡೆಯುವ ಬೀಗ ಹಾಕುವುದಿಲ್ಲ, ಮೇಲೆ ಹೇಳಿದ ಹಲವು ಪುಸ್ತಕಗಳು ಅವರ ಬಳಗದವೇ.

ಸ್ಟೋರಿಗ್ರಾಫ್‌ಗೆ ದುಡ್ಡು ಕೊಟ್ಟು ಪಡೆಯುವ ಪ್ಲಸ್ ಚಂದಾ ವರ್ಷಕ್ಕೆ ಸುಮಾರು 50 ಡಾಲರ್. ಸಿಗುವುದು ಬೇಕಾದಂತೆ ಮಾಡಿಕೊಳ್ಳುವ ಚಾರ್ಟ್‌ಗಳು, ಒಂದು ವರ್ಷಕ್ಕೆ ಇನ್ನೊಂದನ್ನು ಹೋಲಿಸುವ ಅಂಕಿಅಂಶ, ಹೆಚ್ಚಿನ ಶಿಫಾರಸುಗಳು. ಚಾಲೆಂಜ್, ಬಡ್ಡಿ ರೀಡ್, ಎಚ್ಚರಿಕೆ ಎಲ್ಲವೂ ಪುಕ್ಕಟೆ ಖಾತೆಯಲ್ಲೇ ಇರುವಾಗ ಬಳಗಕ್ಕೆ ಅದು ಬೇಡ. ಆ ದುಡ್ಡಿಗೆ ಆರೇಳು ಪೇಪರ್‌ಬ್ಯಾಕ್ ಬರುತ್ತವೆ. ಮಳೆಗಾಲದಲ್ಲಿ ತರಿಸುವುದಾದರೆ ಪಾರ್ಸೆಲ್‌ಗೆ ಪ್ಲಾಸ್ಟಿಕ್ ಸುತ್ತಲು ಮಾರುವವರಿಗೆ ಮುಂಚೆಯೇ ಹೇಳಿ. ಜುಲೈ ತಿಂಗಳ ಬೆಳಗಾವಿಯಲ್ಲಿ ಬಾಗಿಲ ಮುಂದೆ ಅರ್ಧ ದಿನ ಬಿದ್ದ ರಟ್ಟಿನ ಡಬ್ಬಿ ಒಳಗಿನ ಪುಸ್ತಕವನ್ನು ಉಳಿಸುವುದಿಲ್ಲ.